ಒಂದು ಶಾಟ್ ತೆಗೆದರೆ ಇಡೀ ಎವಿ ಜರುಗುತ್ತದೆ: ಟ್ರ್ಯಾಕ್ ಇಲ್ಲದ ಟೈಮ್‌ಲೈನ್ ಮತ್ತು ಮುಗಿಯದ ಕರೆಕ್ಷನ್

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಫ್ರೀಲ್ಯಾನ್ಸ್ ಎಡಿಟರ್. ಹಲವು ವರ್ಷ ಅಡೋಬಿಯ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ ಕೆಲಸ ಮಾಡಿ ಹೋದ ವರ್ಷ ಆ್ಯಪಲ್‌ನ ಫೈನಲ್ ಕಟ್ ಪ್ರೊಗೆ ಬಂದೆ. ವೇಗ ಇಷ್ಟವಾಯಿತು. ಈಗ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಕಂಪನಿಗೆ ಐದು ನಿಮಿಷದ ಕಾರ್ಪೊರೇಟ್ ಎವಿ (ಕಂಪನಿಯನ್ನು ಪರಿಚಯಿಸುವ ವಿಡಿಯೊ) ಮಾಡುತ್ತಿದ್ದೇನೆ. ಏಳನೇ ಸುತ್ತಿನ ಕರೆಕ್ಷನ್ ನಡೆದಿದೆ. ಪ್ಲಾಂಟ್ ಹೆಡ್ ಕೆಲಸ ಬಿಟ್ಟರಂತೆ, ಅವರಿರುವ ಶಾಟ್ ಎಲ್ಲ ತೆಗೆಯಿರಿ ಎಂದರು. ತೆಗೆದೆ. ಅದರ ಜೊತೆ ವಾಯ್ಸ್ ಓವರ್‌ನ ಒಂದು ಸಾಲೂ ಮಾಯವಾಯಿತು, ಅಲ್ಲಿಂದ ಮುಂದೆ ಮ್ಯೂಸಿಕ್ ಬೀಟ್‌ಗೆ ಕೂರಿಸಿದ್ದ ಕಟ್‌ಗಳೆಲ್ಲ ತಪ್ಪಿದವು. ನನಗಿಂತ ಮೊದಲು ಕ್ಲೈಂಟ್ ಗಮನಿಸಿದರು. ಆಮೇಲೆ ‘ಮೂರನೇ ವರ್ಷನ್‌ನ ಓಪನಿಂಗೇ ಚೆನ್ನಾಗಿತ್ತು, ಅದನ್ನೇ ಹಾಕಿ’ ಎಂದರು. ಹಳೆಯ ಪ್ರಾಜೆಕ್ಟ್ ತೆರೆದರೆ ಅದರ ಓಪನಿಂಗ್ ಕೂಡ ಬದಲಾಗಿತ್ತು! ನಾನು ಅದನ್ನು ಮುಟ್ಟಿಯೇ ಇರಲಿಲ್ಲ. ಇನ್ನು ಹಿಂದಿ, ಕನ್ನಡ ವರ್ಷನ್ ಬೇರೆ ಬಾಕಿ ಇವೆ. ಟ್ರ್ಯಾಕ್ (ಚಿತ್ರ, ಧ್ವನಿ ಇಡುವ ಬೇರೆ ಬೇರೆ ಸಾಲು) ಇಲ್ಲದ ಸಾಫ್ಟ್‌ವೇರ್ ಕಾರ್ಪೊರೇಟ್ ಕೆಲಸಕ್ಕಲ್ಲ, ಪ್ರೀಮಿಯರ್‌ಗೆ ವಾಪಸ್ ಹೋಗು ಎನ್ನುತ್ತಾರೆ ಗೆಳೆಯರು. ಹೋಗಬೇಕೆ?

ಉತ್ತರ: ನಿಮ್ಮ ಆತಂಕದಲ್ಲಿ ಮೂರು ಬೇರೆ ಬೇರೆ ಸಮಸ್ಯೆಗಳು ಸೇರಿಕೊಂಡಿವೆ: ಶಾಟ್ ಜೊತೆ ಧ್ವನಿ ಹೋದದ್ದು, ಹಳೆಯ ವರ್ಷನ್ ತಾನಾಗಿಯೇ ಬದಲಾದದ್ದು, ಕರೆಕ್ಷನ್ ಮುಗಿಯದೇ ಇರುವುದು. ಮೊದಲಿನ ಎರಡಕ್ಕೆ ಸ್ಪಷ್ಟ ಕಾರಣವೂ ಇದೆ, ಪರಿಹಾರವೂ ಇದೆ. ಮೂರನೆಯದನ್ನು ಯಾವ ಸಾಫ್ಟ್‌ವೇರೂ ಬಗೆಹರಿಸುವುದಿಲ್ಲ. ಆದರೆ ಅದರ ಹೊಡೆತ ಕಡಿಮೆ ಮಾಡಬಹುದು.

ಗೆಳೆಯರ ಮಾತು ಎಲ್ಲಿಂದ ಬಂತು ಎಂದು ಹೇಳಿಬಿಡುತ್ತೇನೆ. 2011ರ ಜೂನ್‌ನಲ್ಲಿ ಆ್ಯಪಲ್ ಹಳೆಯ ಫೈನಲ್ ಕಟ್ ಅನ್ನು ಬದಿಗಿಟ್ಟು ಹೊಸದಾಗಿ ಬರೆದ ಫೈನಲ್ ಕಟ್ ಪ್ರೊ ಎಕ್ಸ್ ತಂದಿತು. 1999ರ ಮೊದಲ ಫೈನಲ್ ಕಟ್ ರೂಪಿಸಿದ ರ‍್ಯಾಂಡಿ ಯುಬಿಲೋಸ್ ಅವರೇ ಇದರ ಹಿಂದೆಯೂ ಇದ್ದರು. ಟ್ರ್ಯಾಕ್‌ಗಳನ್ನು ತೆಗೆದು, ಕ್ಲಿಪ್‌ಗಳು ಒಂದಕ್ಕೊಂದು ಅಂಟಿಕೊಳ್ಳುವ ಮ್ಯಾಗ್ನೆಟಿಕ್ ಟೈಮ್‌ಲೈನ್ ಕೊಟ್ಟರು. ಆದರೆ ಹಳೆಯ ಪ್ರಾಜೆಕ್ಟ್‌ಗಳು ಅದರಲ್ಲಿ ತೆರೆಯುತ್ತಿರಲಿಲ್ಲ, ಹಲವು ಕ್ಯಾಮೆರಾಗಳ ದೃಶ್ಯವನ್ನು ಒಟ್ಟಿಗೆ ಎಡಿಟ್ ಮಾಡುವ ಮಲ್ಟಿಕ್ಯಾಮ್ ಇರಲಿಲ್ಲ, ಎಡಿಟ್ ಅನ್ನು ಬೇರೆ ಸಾಫ್ಟ್‌ವೇರ್‌ಗೆ ದಾಟಿಸುವ ಎಕ್ಸ್‌ಎಂಎಲ್ ಇರಲಿಲ್ಲ. ವೃತ್ತಿಯವರು ಸಿಟ್ಟಾದರು, ಆ ಸಿಟ್ಟು ನ್ಯಾಯವಾದದ್ದೇ. ಮಲ್ಟಿಕ್ಯಾಮ್ 2012ರ ಜನವರಿಯಲ್ಲಿ ಬಂತು, ಪ್ರಾಜೆಕ್ಟ್ ಸ್ನ್ಯಾಪ್‌ಶಾಟ್ (ಪ್ರಾಜೆಕ್ಟ್‌ನ ಆ ಕ್ಷಣದ ನಕಲು) 2013ರ ಡಿಸೆಂಬರ್‌ನಲ್ಲಿ, ರೋಲ್‌ಗಳ (ಮಾತು, ಮ್ಯೂಸಿಕ್ ಎಂಬಂಥ ಗುರುತು) ಪ್ರಕಾರ ಆಡಿಯೊ ಸಾಲುಗಳನ್ನು ಬಣ್ಣದಲ್ಲಿ ಬಿಡಿಸಿ ತೋರಿಸುವ ವ್ಯವಸ್ಥೆ 2016ರ ಅಕ್ಟೋಬರ್‌ನಲ್ಲಿ. ‘ಇದು ವೃತ್ತಿಯ ಕೆಲಸಕ್ಕಲ್ಲ’ ಎಂಬ ಮಾತು ಮಾತ್ರ ಇನ್ನೂ ಮೊದಲ ವರ್ಷದ್ದೇ ಉಳಿದಿದೆ. ಕರೆಕ್ಷನ್ ಹೆಚ್ಚಿರುವ ಕೆಲಸಕ್ಕೆ ಈ ಟೈಮ್‌ಲೈನ್ ಬೇರೆಯವುಗಳಿಗಿಂತ ಹೆಚ್ಚು ಹೊಂದುತ್ತದೆ ಎನ್ನುವುದು ನನ್ನ ಅನುಭವ. ಒಂದು ಷರತ್ತಿದೆ, ನಿಮ್ಮ ಎವಿಯಲ್ಲಿ ಮುರಿದದ್ದು ಅದೇ.

ಟ್ರ್ಯಾಕ್ ಇರುವ ಸಾಫ್ಟ್‌ವೇರ್‌ನಲ್ಲಿ ಒಂದು ಕ್ಲಿಪ್‌ನ ವಿಳಾಸ ಸಮಯ: ಎರಡನೇ ಟ್ರ್ಯಾಕ್, ಒಂದು ನಿಮಿಷ ಹನ್ನೆರಡು ಸೆಕೆಂಡ್. ಫೈನಲ್ ಕಟ್‌ನಲ್ಲಿ ವಿಳಾಸ ಇನ್ನೊಂದು ಕ್ಲಿಪ್. ನಡುವಿನ ಪ್ರೈಮರಿ ಸ್ಟೋರಿಲೈನ್‌ನಲ್ಲಿರುವ ಒಂದು ಕ್ಲಿಪ್‌ಗೆ ಮೇಲಿನ, ಕೆಳಗಿನ ಉಳಿದೆಲ್ಲವೂ ಅಂಟಿಕೊಂಡಿರುತ್ತವೆ. ಚಪ್ಪರದ ಕಂಬ ಕಿತ್ತರೆ ಅದಕ್ಕೆ ಹಬ್ಬಿದ ಬಳ್ಳಿಯೂ ಜೊತೆಗೆ ಬರುವ ಹಾಗೆ, ಪ್ರೈಮರಿಯ ಕ್ಲಿಪ್ ಡಿಲೀಟ್ ಮಾಡಿದರೆ ಅದಕ್ಕೆ ಅಂಟಿದ ಎಲ್ಲವೂ ಹೋಗುತ್ತದೆ, ಮುಂದಿನದು ಹಿಂದಕ್ಕೆ ಸರಿದು ಜಾಗ ತುಂಬುತ್ತದೆ. ಅದು ದೋಷವಲ್ಲ, ಸಾಫ್ಟ್‌ವೇರ್ ಕೆಲಸ ಮಾಡುವ ಕ್ರಮವೇ ಹಾಗೆ.

ನೀವು ಬರೆದದ್ದನ್ನು ನೋಡಿದರೆ ಫ್ಯಾಕ್ಟರಿಯ ದೃಶ್ಯಗಳನ್ನು ಪ್ರೈಮರಿಯಲ್ಲಿಟ್ಟು, ವಾಯ್ಸ್ ಓವರ್ ಮತ್ತು ಮ್ಯೂಸಿಕ್ ಅನ್ನು ಕೆಳಗೆ ಅಂಟಿಸಿದ್ದೀರಿ. ಪ್ರೀಮಿಯರ್‌ನಿಂದ ಬಂದ ಬಹುತೇಕರು ಹೀಗೇ ಮಾಡುತ್ತಾರೆ, ಯಾಕೆಂದರೆ ಅಲ್ಲಿ ಚಿತ್ರ ಮೇಲೆ, ಧ್ವನಿ ಕೆಳಗೆ. ಹಾಗಾಗಿ ನಿಮ್ಮ ವಾಯ್ಸ್ ಓವರ್‌ನ ಆ ಸಾಲು ಪ್ಲಾಂಟ್ ಹೆಡ್ ಅವರ ಶಾಟ್‌ಗೆ ಅಂಟಿತ್ತು. ಶಾಟ್ ಹೋಯಿತು, ಸಾಲೂ ಹೋಯಿತು. ಮ್ಯೂಸಿಕ್ ಮೊದಲ ಶಾಟ್‌ಗೆ ಅಂಟಿತ್ತು. ಅದು ಅಲ್ಲೇ ನಿಂತಿತು, ಮೇಲಿನ ಚಿತ್ರ ಮಾತ್ರ ಕೆಲವು ಸೆಕೆಂಡ್ ಹಿಂದಕ್ಕೆ ಬಂತು. ಬೀಟ್ ತಪ್ಪಿದ್ದು ಅದರಿಂದ.

ಕಾರ್ಪೊರೇಟ್ ಎವಿಯಲ್ಲಿ ಕ್ಲೈಂಟ್ ಅತಿ ಹೆಚ್ಚು ಬದಲಿಸುವುದು ದೃಶ್ಯಗಳನ್ನು. ‘ಹೆಲ್ಮೆಟ್ ಹಾಕದ ಕಾರ್ಮಿಕರು ಕಾಣುತ್ತಿದ್ದಾರೆ’, ‘ಆ ಮಷಿನ್ ಹಳೆಯದು’, ‘ಹಿಂದೆ ಇನ್ನೊಂದು ಕಂಪನಿಯ ಬೋರ್ಡ್ ಇದೆ’. ಹೋಲಿಸಿದರೆ ಮಾತು ನಿಲ್ಲುತ್ತದೆ. ಸ್ಕ್ರಿಪ್ಟ್ ಮೇಲಿನವರ ಅನುಮತಿ ಪಡೆದು ಬಂದಿರುತ್ತದೆ. ಆದ್ದರಿಂದ ಹೆಚ್ಚು ಅಲುಗಾಡುವುದನ್ನು ಕಂಬವಾಗಿ ನೆಡಬಾರದು. ವಾಯ್ಸ್ ಓವರ್ ಅಥವಾ ಸಂದರ್ಶನದ ಬೈಟ್ ಪ್ರೈಮರಿಯಲ್ಲಿರಲಿ, ಬಿ-ರೋಲ್ (ಮಾತಿನ ಜೊತೆ ತೋರಿಸುವ ದೃಶ್ಯಗಳು) ಅದರ ಮೇಲೆ ಅಂಟಿರಲಿ. ಆಗ ಪ್ಲಾಂಟ್ ಹೆಡ್ ಶಾಟ್ ತೆಗೆದರೆ ಅಲ್ಲಿ ಕಪ್ಪು ತೆರೆ ಉಳಿಯುತ್ತದೆ ಅಷ್ಟೇ. ಒಂದು ಫ್ರೇಮ್ ಕೂಡ ಜರುಗುವುದಿಲ್ಲ. ಕಪ್ಪು ತೆರೆ ಕಣ್ಣಿಗೆ ಬೀಳುತ್ತದೆ, ತುಂಬುತ್ತೀರಿ. ಕಾಣೆಯಾದ ವಾಯ್ಸ್ ಓವರ್ ಸಾಲು ಕಣ್ಣಿಗೆ ಬೀಳುವುದಿಲ್ಲ, ಅಪಾಯ ಇರುವುದು ಅಲ್ಲಿ. ಇನ್ನು ಸ್ಕ್ರಿಪ್ಟ್‌ನ ಒಂದು ಸಾಲನ್ನೇ ಕ್ಲೈಂಟ್ ಕೈಬಿಟ್ಟರೆ, ಆ ಸಾಲಿಗಾಗಿ ಹಾಕಿದ್ದ ದೃಶ್ಯಗಳೂ ಅದರ ಜೊತೆ ಹೋಗುತ್ತವೆ. ಹೋಗಬೇಕಾದದ್ದೂ ಅವೇ.

ವಾಯ್ಸ್ ಓವರ್ ಅನ್ನು ಒಂದೇ ಉದ್ದ ಕ್ಲಿಪ್ ಆಗಿ ಇಡಬೇಡಿ. ವಾಕ್ಯ ವಾಕ್ಯಕ್ಕೂ ಬ್ಲೇಡ್‌ನಿಂದ ಕತ್ತರಿಸಿ, ನಡುವೆ ಉಸಿರಿನಷ್ಟು ಗ್ಯಾಪ್ ಕ್ಲಿಪ್, ಅಂದರೆ ಖಾಲಿ ಕ್ಲಿಪ್ ಹಾಕಿ. ಆಪ್ಷನ್-ಡಬ್ಲ್ಯು ಒತ್ತಿದರೆ ಗ್ಯಾಪ್ ಬರುತ್ತದೆ, ಬೇಕಾದಷ್ಟಕ್ಕೆ ಟ್ರಿಮ್ ಮಾಡಿಕೊಳ್ಳಿ. ‘ಇಲ್ಲಿ ಸ್ವಲ್ಪ ಬೇಗ ಹೋಯಿತು’ ಎಂದು ಕ್ಲೈಂಟ್ ಹೇಳಿದಾಗ ಗ್ಯಾಪ್ ಹಿಗ್ಗಿಸಿದರೆ ಸಾಕು, ಮುಂದಿನದೆಲ್ಲ ತನ್ನ ಸಾಲಿನ ಜೊತೆಗೇ ಸರಿಯುತ್ತದೆ. ಟ್ರ್ಯಾಕ್ ಇರುವ ಕಡೆ ಇದೇ ಕೆಲಸಕ್ಕೆ ಅಷ್ಟೂ ಟ್ರ್ಯಾಕ್‌ಗಳನ್ನು ಆಯ್ದು ಸರಿಸಬೇಕು. ಒಂದು ಟ್ರ್ಯಾಕ್ ಲಾಕ್ ಆಗಿ ಉಳಿದಿದ್ದರೆ ಅಲ್ಲಿಂದ ಮುಂದಿನ ಸೂಪರ್‌ಗಳೆಲ್ಲ (ತೆರೆಯ ಮೇಲೆ ಬರುವ ಹೆಸರು, ಹುದ್ದೆ) ತಪ್ಪು ಮುಖದ ಮೇಲೆ ಬರುತ್ತವೆ. ಟ್ರ್ಯಾಕ್ ಎಂದರೆ ಸುರಕ್ಷಿತ ಎಂಬುದು ಪೂರ್ತಿ ನಿಜವಲ್ಲ. ಅಲ್ಲಿ ಜಾರುವುದು ಇನ್ನೊಂದು ಕಡೆ.

ಮ್ಯೂಸಿಕ್ ವಿಷಯ ಸ್ವಲ್ಪ ಸೂಕ್ಷ್ಮ. ಟೈಮ್‌ಲೈನ್‌ನ ಮೊದಲ ಫ್ರೇಮ್‌ಗೆ ಒಂದು ಚಿಕ್ಕ ಗ್ಯಾಪ್ ಇಟ್ಟು ಮ್ಯೂಸಿಕ್ ಅನ್ನು ಅದಕ್ಕೆ ಅಂಟಿಸಿ. ಓಪನಿಂಗ್ ಶಾಟ್ ಹೋದರೂ ಮ್ಯೂಸಿಕ್ ಹೋಗುವುದಿಲ್ಲ. ಆದರೆ ಐದು ನಿಮಿಷಕ್ಕೂ ಒಂದೇ ಮ್ಯೂಸಿಕ್ ಪಟ್ಟಿ ಎಳೆದರೆ ನಡುವೆ ಏನೇ ಸರಿದರೂ ಬೀಟ್ ತಪ್ಪುತ್ತದೆ. ಎವಿಗಳು ಸಾಮಾನ್ಯವಾಗಿ ಭಾಗಗಳಾಗಿ ನಡೆಯುತ್ತವೆ: ಪರಿಚಯ, ಉತ್ಪಾದನೆ, ಗುಣಮಟ್ಟ, ಜನ, ಮುಂದಿನ ಯೋಜನೆ. ಮ್ಯೂಸಿಕ್ ಅನ್ನು ಆ ಭಾಗಗಳಲ್ಲೇ ಕತ್ತರಿಸಿ, ಆಯಾ ಭಾಗದ ಮೊದಲ ಸಾಲಿಗೆ ಅಂಟಿಸಿ. ಒಂದು ನಿರ್ದಿಷ್ಟ ಬೀಟ್ ಒಂದು ಮಾತಿನ ಮೇಲೆಯೇ ಬೀಳಬೇಕಿದ್ದರೆ, ಆಪ್ಷನ್ ಮತ್ತು ಕಮಾಂಡ್ ಒತ್ತಿಕೊಂಡು ಮ್ಯೂಸಿಕ್ ಕ್ಲಿಪ್‌ನ ಆ ಜಾಗದಲ್ಲಿ ಕ್ಲಿಕ್ ಮಾಡಿ. ಅಂಟಿದ ಬಿಂದು ಅಲ್ಲಿಗೆ ಬರುತ್ತದೆ. ಬಿ-ರೋಲ್ ಶಾಟ್ ಹಿಂದಿನ ವಾಕ್ಯದ ಕೊನೆಯಲ್ಲಿ ಶುರುವಾಗಿ ಮುಂದಿನ ವಾಕ್ಯಕ್ಕೆ ಸೇರಿದ್ದಾದರೆ ಅಲ್ಲೂ ಇದನ್ನೇ ಮಾಡಬೇಕು, ಇಲ್ಲವಾದರೆ ಅದು ತಪ್ಪು ಸಾಲಿಗೆ ಅಂಟಿರುತ್ತದೆ. ಈ ಒಂದು ಕ್ಲಿಕ್ ಗೊತ್ತಿಲ್ಲದೆ ಫೈನಲ್ ಕಟ್ ಬಿಟ್ಟುಹೋದವರನ್ನು ನಾನು ಕಂಡಿದ್ದೇನೆ. ಕ್ಲಿಪ್ ಎಲ್ಲಿದೆ ಎನ್ನುವುದಕ್ಕಿಂತ ಯಾವ ಮಾತಿಗೆ ಸೇರಿದೆ ಎಂದು ಯೋಚಿಸುವುದೇ ಇಲ್ಲಿನ ಎಡಿಟಿಂಗ್.

ಮಾತೇ ಇಲ್ಲದ, ಪೂರ್ತಿ ಮ್ಯೂಸಿಕ್ ಮೇಲೆ ಓಡುವ ಮಾಂಟಾಜ್ ಇದ್ದರೆ ಲೆಕ್ಕ ತಿರುವುಮುರುವು. ಅಲ್ಲಿ ಮ್ಯೂಸಿಕ್ಕೇ ಪ್ರೈಮರಿಯಲ್ಲಿರಲಿ.

ಈಗ ಎರಡನೇ ಸಮಸ್ಯೆ, ಹಳೆಯ ವರ್ಷನ್ ತಾನಾಗಿ ಬದಲಾದದ್ದು. ಓಪನಿಂಗ್‌ನ ಲೋಗೊ, ಟೈಟಲ್, ಡ್ರೋನ್ ಶಾಟ್ ಎಲ್ಲ ಸೇರಿಸಿ ಕಾಂಪೌಂಡ್ ಕ್ಲಿಪ್ ಮಾಡಿದ್ದೀರಿ ಎಂದು ನನ್ನ ಊಹೆ. ಪ್ರಾಜೆಕ್ಟ್ ಅನ್ನು ಕಮಾಂಡ್-ಡಿ ಒತ್ತಿ ಡೂಪ್ಲಿಕೇಟ್ ಮಾಡುತ್ತಾ ಬಂದಿದ್ದೀರಿ. ಮಾಮೂಲಿ ಡೂಪ್ಲಿಕೇಟ್‌ನಲ್ಲಿ ಕಾಂಪೌಂಡ್ ಕ್ಲಿಪ್‌ನ ನಕಲು ಬರುವುದಿಲ್ಲ. ಎರಡೂ ಪ್ರಾಜೆಕ್ಟ್‌ಗಳು ಒಂದೇ ಮೂಲವನ್ನು ನೋಡುತ್ತಿರುತ್ತವೆ. ಏಳನೇ ವರ್ಷನ್‌ನಲ್ಲಿ ಅದರೊಳಗೆ ಹೋಗಿ ಲೋಗೊ ಬದಲಿಸಿದರೆ ಮೂರನೆಯದರಲ್ಲೂ ಬದಲಾಗುತ್ತದೆ. ಇದಕ್ಕೆಂದೇ ‘ಡೂಪ್ಲಿಕೇಟ್ ಪ್ರಾಜೆಕ್ಟ್ ಆ್ಯಸ್ ಸ್ನ್ಯಾಪ್‌ಶಾಟ್’ ಇದೆ, ಶಿಫ್ಟ್-ಕಮಾಂಡ್-ಡಿ. ಅದರಲ್ಲಿ ಒಳಗಿನ ಕಾಂಪೌಂಡ್, ಮಲ್ಟಿಕ್ಯಾಮ್ ಎಲ್ಲವೂ ಆ ಕ್ಷಣಕ್ಕೆ ನಿಂತುಬಿಡುತ್ತವೆ. ಕ್ಲೈಂಟ್‌ಗೆ ಫೈಲ್ ಕಳಿಸುವ ಪ್ರತಿ ಸಲವೂ ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ. ಕಳಿಸಿದ ಫೈಲ್‌ಗೂ ಸ್ನ್ಯಾಪ್‌ಶಾಟ್‌ಗೂ ಒಂದೇ ಹೆಸರು, ಒಂದೇ ದಿನಾಂಕ ಇರಲಿ. ‘ಫೈನಲ್’, ‘ಫೈನಲ್ ಹೊಸದು’ ಎಂಬ ಹೆಸರುಗಳು ಬೇಡ. ಹೊಸ ಲೋಗೊ ಹಾಕಬೇಕಾದಾಗ ಮೂಲವನ್ನು ಮುಟ್ಟುವ ಮೊದಲು ‘ರೆಫರೆನ್ಸ್ ನ್ಯೂ ಪೇರೆಂಟ್ ಕ್ಲಿಪ್’ ಆರಿಸಿದರೆ ಆ ಒಂದು ಕಾಂಪೌಂಡ್ ಸ್ವತಂತ್ರವಾಗುತ್ತದೆ.

ನಿಮ್ಮ ಮೂರನೇ ವರ್ಷನ್‌ನ ಓಪನಿಂಗ್ ಬಹುಶಃ ಇನ್ನೂ ಸಿಗುತ್ತದೆ. ಫೈನಲ್ ಕಟ್ ಲೈಬ್ರರಿಯ ಬ್ಯಾಕಪ್‌ಗಳನ್ನು ತಾನಾಗಿಯೇ ಇಡುತ್ತಿರುತ್ತದೆ. ಫೈಲ್ ಮೆನುವಿನಲ್ಲಿ ‘ಓಪನ್ ಲೈಬ್ರರಿ’ ಕೆಳಗೆ ‘ಫ್ರಂ ಬ್ಯಾಕಪ್’ ಇದೆ. ಮೂರನೇ ವರ್ಷನ್ ಕಳಿಸಿದ ದಿನದ್ದನ್ನು ತೆರೆದು ನೋಡಿ. ಆ ಬ್ಯಾಕಪ್‌ನಲ್ಲಿ ಎಡಿಟ್‌ನ ವಿವರ ಇರುತ್ತದೆ, ವಿಡಿಯೊ ಫೈಲ್‌ಗಳಿರುವುದಿಲ್ಲ. ಹಾಗಾಗಿ ಮೂಲ ಫೂಟೇಜ್ ಇದ್ದ ಜಾಗದಲ್ಲೇ ಇರಬೇಕು.

ಕಾಂಪೌಂಡ್ ಬಗ್ಗೆ ಇನ್ನೊಂದು ಎಚ್ಚರ. ಒಳಗೆ ಹೋಗಿ ಎರಡು ಸೆಕೆಂಡ್ ಉದ್ದ ಮಾಡಿದರೆ ಹೊರಗಿನ ಟೈಮ್‌ಲೈನ್‌ನಲ್ಲಿ ಅದು ತಾನಾಗಿ ಉದ್ದವಾಗುವುದಿಲ್ಲ. ಹೊರಗೂ ಎಳೆಯಬೇಕು. ಕರೆಕ್ಷನ್ ಹೆಚ್ಚಿರುವ ಕೆಲಸದಲ್ಲಿ ನಾನು ಕಾಂಪೌಂಡ್ ಅನ್ನು ಲೋಗೊ ಅನಿಮೇಷನ್, ಕೊನೆಯ ಕಾರ್ಡ್‌ನಂಥ ಕೆಲವಕ್ಕಷ್ಟೇ ಬಳಸುತ್ತೇನೆ. ಟೈಮ್‌ಲೈನ್ ಚೊಕ್ಕಟವಾಗಿ ಕಾಣಲಿ ಎಂದು ಎಲ್ಲವನ್ನೂ ಗಂಟು ಕಟ್ಟಿದರೆ ಆಮೇಲೆ ಯಾವ ಗಂಟಿನಲ್ಲಿ ಏನಿದೆ ಎಂದು ಹುಡುಕುವುದೇ ಕೆಲಸವಾಗುತ್ತದೆ.

ಕ್ಲೈಂಟ್ ‘ತೆಗೆಯಿರಿ’ ಎಂದಾಗ ತಕ್ಷಣ ಡಿಲೀಟ್ ಕೀಗೆ ಕೈಹಾಕಬೇಡಿ. ನಾಳೆ ‘ಅದೇ ಇರಲಿ’ ಎನ್ನಬಹುದು. ಬಿ-ರೋಲ್ ಆದರೆ ಕ್ಲಿಪ್ ಆಯ್ದು ವಿ ಒತ್ತಿ. ಅದು ಕಾಣುವುದಿಲ್ಲ, ಕೇಳುವುದಿಲ್ಲ, ಆದರೆ ಜಾಗದಲ್ಲೇ ಇರುತ್ತದೆ. ಬೇರೆ ಶಾಟ್ ಕೇಳಿದರೆ ‘ರಿಪ್ಲೇಸ್ ಫ್ರಂ ಸ್ಟಾರ್ಟ್’ ಬಳಸಿ, ಹಳೆಯ ಶಾಟ್‌ನ ಉದ್ದವೇ ಉಳಿಯುತ್ತದೆ. ಹೊಸ ಶಾಟ್ ಅಷ್ಟು ಉದ್ದವಿದೆಯೇ ಎಂದು ಮೊದಲು ನೋಡಿಕೊಳ್ಳಿ. ಎರಡು ಮೂರು ಆಯ್ಕೆ ತೋರಿಸಬೇಕಾದಾಗ ಆಡಿಷನ್ ಮಾಡಿ. ಒಂದೇ ಜಾಗದಲ್ಲಿ ಮೂರು ಶಾಟ್ ಕೂತಿರುತ್ತವೆ, ವೈ ಒತ್ತಿ ಬದಲಿಸಬಹುದು. ಆಡಿಷನ್ ಪ್ರೈಮರಿಯಲ್ಲಿದ್ದು ಶಾಟ್‌ಗಳ ಉದ್ದ ಬೇರೆಯಾದರೆ ಮುಂದಿನದೆಲ್ಲ ಸರಿಯುತ್ತದೆ. ಮೇಲೆ ಅಂಟಿದ ಬಿ-ರೋಲ್‌ನಲ್ಲಿ ಮಾಡಿದರೆ ಆ ತೊಂದರೆ ಇಲ್ಲ.

ಕರೆಕ್ಷನ್ ಪಟ್ಟಿ ಬಂದ ಕೂಡಲೇ ಕತ್ತರಿಸಲು ಕೂರಬೇಡಿ. ಮೊದಲು ಪ್ರತಿ ಅಂಶವನ್ನೂ ಅದರ ಟೈಮ್‌ಕೋಡ್ ಜಾಗದಲ್ಲಿ ಮಾರ್ಕರ್ ಹಾಕಿ ಬರೆದು ‘ಟು ಡು’ ಮಾಡಿಕೊಳ್ಳಿ. ಟೈಮ್‌ಲೈನ್ ಇಂಡೆಕ್ಸ್‌ನಲ್ಲಿ ಅವೆಲ್ಲ ಸಾಲಾಗಿ ಕಾಣುತ್ತವೆ, ಮುಗಿದದ್ದನ್ನು ಟಿಕ್ ಮಾಡಬಹುದು. ಇಲ್ಲಿ ಮಾರ್ಕರ್ ಕ್ಲಿಪ್‌ಗೆ ಅಂಟುತ್ತದೆ, ಸಮಯಕ್ಕಲ್ಲ. ಹಾಗಾಗಿ ಏನು ಸರಿದರೂ ಮಾರ್ಕರ್ ತನ್ನ ಶಾಟ್ ಜೊತೆಗೇ ಇರುತ್ತದೆ. ಕ್ಲಿಪ್ ಅಳಿಸಿದರೆ ಮಾರ್ಕರ್ ಕೂಡ ಅಳಿಯುತ್ತದೆ ಎಂಬುದೂ ನೆನಪಿರಲಿ. ಮಾರ್ಕರ್ ಹಾಕುವಷ್ಟು ಸಮಯವಿಲ್ಲ ಎಂದಾದರೆ ಎವಿಯ ಕೊನೆಯಿಂದ ಮೊದಲಿಗೆ ಬನ್ನಿ. ಮುಂದಿನದನ್ನು ಮೊದಲು ಸರಿಪಡಿಸಿದರೆ ಹಿಂದಿನ ಟೈಮ್‌ಕೋಡ್‌ಗಳು ಕ್ಲೈಂಟ್ ಬರೆದಂತೆಯೇ ಇರುತ್ತವೆ. ಇದಕ್ಕೆಲ್ಲ ನೀವು ಕಳಿಸುವ ಡ್ರಾಫ್ಟ್‌ನ ಮೂಲೆಯಲ್ಲಿ ಟೈಮ್‌ಕೋಡ್ ಕಾಣುತ್ತಿರಬೇಕು. ಇಲ್ಲದಿದ್ದರೆ ವಾಟ್ಸ್ಯಾಪ್ ವಾಯ್ಸ್ ಮೆಸೇಜ್‌ನಲ್ಲಿ ‘ಆ ಮಷಿನ್ ತಿರುಗುತ್ತದಲ್ಲ, ಅದರ ನಂತರದ್ದು’ ಎಂದು ಬರುತ್ತದೆ. ತಿರುಗುವ ಮಷಿನ್‌ಗಳು ಎವಿಯಲ್ಲಿ ಹತ್ತಾರು ಇರುತ್ತವೆ.

ಹಾಗಾದರೆ ಈಗ ಏನು ಮಾಡಬೇಕು? ನಿಮ್ಮ ಮುಂದೆ ಮೂರು ದಾರಿಗಳಿವೆ.

ಪ್ರೀಮಿಯರ್‌ಗೆ ವಾಪಸ್ ಹೋಗುವುದು ಒಂದು. ಮುಂದಿನ ಕೆಲಸಕ್ಕೆ ಅದು ತಪ್ಪಲ್ಲ. ಜೊತೆಗೆ ಇನ್ನೊಬ್ಬ ಎಡಿಟರ್, ಗ್ರಾಫಿಕ್ಸ್‌ನವರು ಎಲ್ಲ ಅಡೋಬಿಯಲ್ಲೇ ಇದ್ದರೆ ನಾನೇ ಅದನ್ನು ಸೂಚಿಸುತ್ತೇನೆ. ಸೌಂಡ್ ಸ್ಟುಡಿಯೊಗೆ ಎಎಎಫ್ (ಎಡಿಟ್ ಅನ್ನು ದಾಟಿಸುವ ಫೈಲ್) ಕೊಡಬೇಕಾದಲ್ಲೂ ಅದು ಸುಲಭ. ಫೈನಲ್ ಕಟ್ ನೇರವಾಗಿ ಎಎಎಫ್ ಕೊಡುವುದಿಲ್ಲ, ಎಕ್ಸ್‌ಟುಪ್ರೊದಂಥ ಬೇರೆ ಸಾಧನ ಬೇಕು. ಆದರೆ ಏಳನೇ ಸುತ್ತಿನಲ್ಲಿರುವ ಈ ಎವಿಯನ್ನು ಈಗ ಸ್ಥಳಾಂತರಿಸಬೇಡಿ. ಟೈಟಲ್, ಬಣ್ಣ, ಎಫೆಕ್ಟ್ ಸರಿಯಾಗಿ ದಾಟುವುದಿಲ್ಲ. ಎಂಟನೇ ಸುತ್ತು ನಿಮ್ಮ ತಪ್ಪುಗಳದ್ದೇ ಆಗುತ್ತದೆ.

ಎರಡನೆಯದು, ಪಿ ಒತ್ತಿ ಪೊಸಿಷನ್ ಟೂಲ್‌ನಲ್ಲೇ ಕೆಲಸ ಮಾಡುವುದು. ಅದರಲ್ಲಿ ಕ್ಲಿಪ್ ಸರಿಸಿದರೆ ಹಿಂದೆ ಗ್ಯಾಪ್ ಉಳಿಯುತ್ತದೆ, ಸುತ್ತಲಿನದು ಸರಿಯುವುದಿಲ್ಲ, ಟ್ರ್ಯಾಕ್ ಇದ್ದಂತೆಯೇ ಅನ್ನಿಸುತ್ತದೆ. ಅಪಾಯವೆಂದರೆ ಅದು ಸರಿದ ಜಾಗದಲ್ಲಿದ್ದ ಕ್ಲಿಪ್ ಅನ್ನು ಕೇಳದೆ ಮುಚ್ಚಿಹಾಕುತ್ತದೆ. ಆಗಾಗ ಬಳಸಿ, ದಿನವಿಡೀ ಬೇಡ.

ಮೂರನೆಯದು ಟೈಮ್‌ಲೈನ್ ತಿರುವಿ ಕಟ್ಟುವುದು. ಸ್ನ್ಯಾಪ್‌ಶಾಟ್ ತೆಗೆದು, ಆ ನಕಲಿನಲ್ಲಿ ಪ್ರೈಮರಿಯ ದೃಶ್ಯಗಳನ್ನೆಲ್ಲ ಆಯ್ದು ‘ಲಿಫ್ಟ್ ಫ್ರಂ ಸ್ಟೋರಿಲೈನ್’ ಮಾಡಿ. ಅವು ಮೇಲೆ ಹೋಗಿ ನಡುವೆ ಗ್ಯಾಪ್ ಉಳಿಯುತ್ತದೆ. ಆಮೇಲೆ ವಾಯ್ಸ್ ಓವರ್ ಕ್ಲಿಪ್‌ಗಳನ್ನು ಆಯ್ದು ‘ಓವರ್‌ರೈಟ್ ಟು ಪ್ರೈಮರಿ ಸ್ಟೋರಿಲೈನ್’ ಮಾಡಿ. ಧ್ವನಿ ನಡುವೆ ಬಂದು ಕೂರುತ್ತದೆ. ಬಳಿಕ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಪೂರ್ತಿ ನೋಡಿ, ಯಾವ ಶಾಟ್ ಯಾವ ಸಾಲಿಗೆ ಅಂಟಿದೆ ಎಂದು ಒಂದೊಂದಾಗಿ ತಪಾಸಣೆ ಮಾಡಿ. ಟ್ರಾನ್ಸಿಷನ್ ಇರುವ ಕಡೆ ಕ್ಲಿಪ್‌ಗಳೆಲ್ಲ ಒಂದು ಗುಂಪಾಗಿ ಸೆಕೆಂಡರಿ ಸ್ಟೋರಿಲೈನ್ ಆಗಿರುತ್ತದೆ. ಆ ಇಡೀ ಗುಂಪು ಒಂದೇ ಬಿಂದುವಿಗೆ ತೂಗುತ್ತಿರುವುದರಿಂದ ಅವನ್ನು ವಿಶೇಷವಾಗಿ ನೋಡಿ.

ಇಂಗ್ಲಿಷ್ ವರ್ಷನ್ ಒಂದೇ ಆಗಿದ್ದರೆ ಈ ಶ್ರಮ ಬೇಡ ಎನ್ನುತ್ತಿದ್ದೆ. ಶಿಫ್ಟ್-ಡಿಲೀಟ್ ಬಳಸಿ ಎನ್ನುತ್ತಿದ್ದೆ. ಅದು ಶಾಟ್ ತೆಗೆದು ಆ ಜಾಗದಲ್ಲಿ ಗ್ಯಾಪ್ ಇಡುತ್ತದೆ, ಅಂಟಿದ್ದು ಉಳಿಯುತ್ತದೆ, ಏನೂ ಸರಿಯುವುದಿಲ್ಲ. ಇವತ್ತೇ ಫೈಲ್ ಕಳಿಸಬೇಕಿದ್ದರೆ ಹಾಗೆಯೇ ಮಾಡಿ ಕಳಿಸಿ. ಆದರೆ ನಿಮಗೆ ಹಿಂದಿ, ಕನ್ನಡ ಎರಡೂ ಬಾಕಿ ಇವೆ. ಅದಕ್ಕಾಗಿ ತಿರುವಿ ಕಟ್ಟುವುದೇ ಸರಿ ಎಂಬುದು ನನ್ನ ಸಲಹೆ.

ಯಾಕೆಂದರೆ ವಾಯ್ಸ್ ಓವರ್ ಪ್ರೈಮರಿಯಲ್ಲಿದ್ದರೆ ಭಾಷೆ ಬದಲಿಸುವುದು ಸಾಲು ಬದಲಿಸಿದಂತೆ. ಇಂಗ್ಲಿಷ್ ವಾಕ್ಯದ ಮೇಲೆ ಕನ್ನಡ ವಾಕ್ಯವನ್ನು ‘ರಿಪ್ಲೇಸ್’ ಮಾಡಿ. ಇಲ್ಲಿ ‘ಫ್ರಂ ಸ್ಟಾರ್ಟ್’ ಬೇಡ, ಹೊಸ ವಾಕ್ಯ ತನ್ನ ಉದ್ದದಲ್ಲೇ ಬರಬೇಕು. ಅದೇ ಸ್ಕ್ರಿಪ್ಟ್ ಕನ್ನಡದಲ್ಲಿ ಓದಿದಾಗ ಸಾಮಾನ್ಯವಾಗಿ ಹೆಚ್ಚು ಸಮಯ ಹಿಡಿಯುತ್ತದೆ. ದೃಶ್ಯಗಳು ತಮ್ಮ ವಾಕ್ಯದ ಜೊತೆ ಸರಿಯುತ್ತವೆ. ಅಲ್ಲಲ್ಲಿ ಬಿ-ರೋಲ್ ಸಾಲದೆ ಕಪ್ಪು ತೆರೆ ಕಾಣುತ್ತದೆ, ಅಲ್ಲಿ ಶಾಟ್ ಎಳೆದರಾಯಿತು. ಒಟ್ಟು ಉದ್ದ ಐದು ನಿಮಿಷವೇ ಇರಬೇಕೆಂದರೆ ವಾಕ್ಯಗಳ ನಡುವಿನ ಗ್ಯಾಪ್‌ಗಳನ್ನು ಕುಗ್ಗಿಸಿ. ಅದೂ ಸಾಲದಿದ್ದರೆ ಸ್ಕ್ರಿಪ್ಟ್ ಬರೆದವರನ್ನು ಕೇಳಿ ವಾಕ್ಯ ಚಿಕ್ಕದು ಮಾಡಿಸಿ. ಧ್ವನಿಯ ವೇಗ ಹೆಚ್ಚಿಸಿ ತುರುಕಿದರೆ ಕೇಳುವವರಿಗೆ ತಕ್ಷಣ ಗೊತ್ತಾಗುತ್ತದೆ, ಕನ್ನಡಕ್ಕೆ ಅದು ಅವಮಾನವೂ ಹೌದು. ಸೂಪರ್‌ಗಳಿಗೆ ಭಾಷೆಗೊಂದು ಸಬ್‌ರೋಲ್ (ರೋಲ್‌ನ ಒಳಗಿನ ಗುರುತು) ಕೊಟ್ಟರೆ ಇಂಡೆಕ್ಸ್‌ನಲ್ಲಿ ಒಂದು ಭಾಷೆಯನ್ನು ಮುಚ್ಚಿ ಇನ್ನೊಂದನ್ನು ತೆರೆಯಬಹುದು. ಹುದ್ದೆಯ ಹೆಸರು ಬದಲಾದರೆ ಎಡಿಟ್ ಮೆನುವಿನ ‘ಫೈಂಡ್ ಆ್ಯಂಡ್ ರಿಪ್ಲೇಸ್ ಟೈಟಲ್ ಟೆಕ್ಸ್ಟ್’ ಎಲ್ಲ ಕಡೆ ಒಟ್ಟಿಗೆ ಬದಲಿಸುತ್ತದೆ.

ಕನ್ನಡ ಪಠ್ಯವನ್ನು ಕಂಪನಿಯವರು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿ ಕಳಿಸುವುದು ಈಗಲೂ ಉಂಟು. ಅದನ್ನು ಹಾಗೇ ಟೈಟಲ್‌ಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ನೋಟೊ ಸಾನ್ಸ್ ಕನ್ನಡ ಅಥವಾ ಬಲೂ ತಮ್ಮದಂಥ ಯೂನಿಕೋಡ್ ಫಾಂಟ್ ಬಳಸಿ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರ ತಪ್ಪಾಗುವುದರಿಂದ ಹೆಸರುಗಳನ್ನು ಒಂದೊಂದಾಗಿ ಓದಿ. ಅಕ್ಷರ ಒಂದೊಂದಾಗಿ ಹಾರಿ ಬರುವ ಟೈಟಲ್ ಅನಿಮೇಷನ್ ಕನ್ನಡಕ್ಕೆ ಬೇಡ. ಒತ್ತು ಅಕ್ಷರದಿಂದ ಬೇರೆಯಾಗಿ ತೇಲಿ ಬರುವ ಸಾಧ್ಯತೆ ಇದೆ.

ಕೊನೆಯದು ಕರೆಕ್ಷನ್ ಸಂಖ್ಯೆ. ಇದು ಮಾತುಕತೆಯ ವಿಷಯ. ಮುಂದಿನ ಕೆಲಸದ ಕೊಟೇಷನ್‌ನಲ್ಲೇ ಎಷ್ಟು ಸುತ್ತು ಸೇರಿದೆ, ಆಮೇಲಿನ ಸುತ್ತಿಗೆ ಎಷ್ಟು ಎಂದು ಬರೆಯಿರಿ. ಕರೆಕ್ಷನ್ ಕಳಿಸುವವರು ಒಬ್ಬರೇ ಇರಲಿ. ಮಾರ್ಕೆಟಿಂಗ್, ಎಚ್‌ಆರ್, ನಿರ್ದೇಶಕರು ಮೂವರೂ ಬೇರೆ ಬೇರೆ ಹೇಳಿದ್ದನ್ನು ಒಂದುಗೂಡಿಸುವುದು ನಿಮ್ಮ ಕೆಲಸವಲ್ಲ. ಸ್ಕ್ರಿಪ್ಟ್‌ಗೆ ಲಿಖಿತ ಒಪ್ಪಿಗೆ ಬರುವ ತನಕ ವೃತ್ತಿಪರ ಕಲಾವಿದರಿಂದ ವಾಯ್ಸ್ ಓವರ್ ಮಾಡಿಸಬೇಡಿ. ನಿಮ್ಮದೇ ಧ್ವನಿಯಲ್ಲಿ ಫೋನ್‌ನಲ್ಲಿ ಓದಿ ರಫ್ ಕಟ್ ಕಟ್ಟಿ ಕಳಿಸಿ. ಹಿಂದಿ, ಕನ್ನಡ ವರ್ಷನ್ ಶುರುಮಾಡುವ ಮೊದಲು ಇಂಗ್ಲಿಷ್ ಪಿಕ್ಚರ್ ಲಾಕ್ ಆಯಿತೆಂದು, ಅಂದರೆ ಇನ್ನು ದೃಶ್ಯ ಬದಲಾಗುವುದಿಲ್ಲವೆಂದು, ಮೇಲ್‌ನಲ್ಲಿ ಬರೆಸಿಕೊಳ್ಳಿ. ಲಾಕ್ ಆಗದೆ ಮೂರು ಭಾಷೆ ತೆರೆದಿಟ್ಟರೆ ಪ್ರತಿ ಕರೆಕ್ಷನ್ ಅನ್ನೂ ಮೂರು ಸಲ ಮಾಡಬೇಕಾಗುತ್ತದೆ, ಅದಕ್ಕೆ ಯಾರೂ ಮೂರು ಪಟ್ಟು ಹಣ ಕೊಡುವುದಿಲ್ಲ.